ಹಿರಿಯ ವರ್ತಕರ ವಿರಾಮಕಾಲ: ಅಢಾವೆ ಪತ್ರಿಕೆಯಲ್ಲಿ ಕಾಣದ ಒಂದು ಬಾಬ್ತು

ಮೈಸೂರನ್ನು ನಿವೃತ್ತರ ಸ್ವರ್ಗವೆಂದು ಕರೆಯುವ ರೂಢಿ ಬಹುಕಾಲದಿಂದ ಬಂದಿದೆ. ಬೆಳಗಿನ ಆರು ಗಂಟೆಗೆ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಒಂದು ಸುತ್ತು ಬಂದರೆ ಆ ಮಾತು ಅತಿಶಯೋಕ್ತಿಯಲ್ಲವೆಂಬುದು ಮನವರಿಕೆಯಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ನಿರ್ಮಾಣಗೊಂಡ ಈ ಕೆರೆಯ ಸುತ್ತ ನಿವೃತ್ತ ಪ್ರಾಧ್ಯಾಪಕರು, ಬ್ಯಾಂಕ್ ಅಧಿಕಾರಿಗಳು, ರೈಲ್ವೆ ನೌಕರರು ಗುಂಪುಗುಂಪಾಗಿ ನಡೆಯುತ್ತಿರುತ್ತಾರೆ. ಕೆಲವರು ಕಲ್ಲುಬೆಂಚಿನ ಮೇಲೆ ಕುಳಿತು ಅಂದಿನ ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿರುತ್ತಾರೆ. ಆದರೆ ಈ ಗುಂಪುಗಳಲ್ಲಿ ಒಂದು ವರ್ಗದ ಹಿರಿಯರು ಮಾತ್ರ ಅಪರೂಪ. ಸಂತೇಪೇಟೆಯ ಮಂಡಿ ವರ್ತಕರು, ಶಿವರಾಂಪೇಟೆ ಮತ್ತು ಅಶೋಕ ರಸ್ತೆಯ ಅಂಗಡಿಗಳ ಯಜಮಾನರು, ದೇವರಾಜ ಮಾರುಕಟ್ಟೆಯ ಹಳೆಯ ವ್ಯಾಪಾರಿಗಳು ಅಲ್ಲಿ ಕಾಣುವುದು ಕಡಿಮೆ.

ಇದಕ್ಕೆ ಕಾರಣ ಸರಳ. ಸರ್ಕಾರಿ ನೌಕರನಿಗೆ ನಿವೃತ್ತಿಯ ದಿನಾಂಕವೊಂದಿದೆ. ಆ ದಿನ ಹಾರ ಹಾಕಿ, ನೆನಪಿನ ಕಾಣಿಕೆ ಕೊಟ್ಟು ಮನೆಗೆ ಕಳುಹಿಸುತ್ತಾರೆ. ಮರುದಿನದಿಂದ ಅವನು ಬಯಸಲಿ, ಬಯಸದಿರಲಿ, ಕಾಲ ಕಳೆಯುವ ದಾರಿಯೊಂದನ್ನು ಹುಡುಕಿಕೊಳ್ಳಲೇಬೇಕು. ವರ್ತಕನಿಗೆ ಅಂತಹ ದಿನಾಂಕವಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಕ್ತಿಯನ್ನು ಏಳಿ ಎಂದು ಹೇಳುವವರು ಯಾರೂ ಇಲ್ಲ. ಹೀಗಾಗಿ ವಿರಾಮವೆಂಬುದು ಅವನ ಜೀವನದಲ್ಲಿ ಭಾನುವಾರದ ಮಧ್ಯಾಹ್ನದ ನಿದ್ರೆಗೆ ಸೀಮಿತವಾಗಿ ಉಳಿದುಬಿಡುತ್ತದೆ.

ಹಿರಿಯರ ಮನರಂಜನೆಯನ್ನು ಕುರಿತ ಲೇಖನವು ವಾಣಿಜ್ಯ ಪತ್ರಿಕೆಯಲ್ಲಿ ಏಕೆ ಎಂಬ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ. ಮೂರು ದಶಕಗಳಿಂದ ವರ್ತಕರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತ ಬಂದಿರುವ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಸಂಜೆ ಐದು ಗಂಟೆಗೆ ಹೋಗಲು ಬೇರೊಂದು ಜಾಗವಿಲ್ಲದ ಯಜಮಾನನು ಅಂಗಡಿಯನ್ನು ಬಿಡುವುದಿಲ್ಲ. ಅವನು ಬಿಡದ ಅಂಗಡಿಯು ಮುಂದಿನ ಪೀಳಿಗೆಯ ಕೈಯಲ್ಲಿ ಬೆಳೆಯುವುದಿಲ್ಲ. ಆದುದರಿಂದ ಇದು ಮನೆಯ ವಿಷಯವಾಗಿರುವಷ್ಟೇ ವ್ಯವಹಾರದ ವಿಷಯವೂ ಹೌದು.

ಎರಡು ಪ್ರಕರಣಗಳು

ಕೆಲವು ವರ್ಷಗಳ ಹಿಂದೆ ಜವಳಿ ವ್ಯಾಪಾರದ ಪಾಲುದಾರಿಕೆ ಸಂಸ್ಥೆಯೊಂದರ ಕಿರಿಯ ಪಾಲುದಾರರು ನನ್ನ ಕಚೇರಿಗೆ ಬಂದು, ಸಂಸ್ಥೆಯನ್ನು ವಿಸರ್ಜಿಸುವ ಕರಾರುಪತ್ರವನ್ನು ಸಿದ್ಧಪಡಿಸಿಕೊಡಬೇಕೆಂದು ಕೇಳಿದರು. ತಂದೆ ಮತ್ತು ಇಬ್ಬರು ಮಕ್ಕಳು ಸೇರಿ ನಡೆಸುತ್ತಿದ್ದ, ಒಳ್ಳೆಯ ಹೆಸರಿದ್ದ ಅಂಗಡಿ ಅದು. ಸಾಲದ ಹೊರೆಯಿಲ್ಲ, ತೆರಿಗೆ ಬಾಕಿಯಿಲ್ಲ. ಮೂರು ವರ್ಷಗಳಿಂದ ಮಾರಾಟ ಮಾತ್ರ ನಿಂತಲ್ಲೇ ನಿಂತಿತ್ತು. ಕಾರಣವನ್ನು ಕಿರ್ದಿ ಖಾತೆಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಒಂದು ಸಂಜೆ ಅಂಗಡಿಯಲ್ಲಿಯೇ ಹೋಗಿ ಕುಳಿತೆ.

ಮದುವೆಯ ಜವಳಿ ತೆಗೆಯಲು ಒಂದು ಕುಟುಂಬ ಬಂದಿತ್ತು. ಹಿರಿಯ ಮಗ ಒಂದೂವರೆ ಗಂಟೆ ಸೀರೆಗಳನ್ನು ಬಿಡಿಸಿ ತೋರಿಸಿ, ಒಟ್ಟು ಮೊತ್ತದ ಮೇಲೆ ಶೇಕಡಾ ಹತ್ತರಷ್ಟು ರಿಯಾಯಿತಿ ಒಪ್ಪಿಕೊಂಡು, ಬಿಲ್ಲು ಹಾಕಿಸಿದ. ಗಲ್ಲಾದಲ್ಲಿದ್ದ ಎಪ್ಪತ್ತೊಂದು ವರ್ಷದ ತಂದೆ ಬಿಲ್ಲನ್ನು ಕೈಗೆತ್ತಿಕೊಂಡು ನೋಡಿ, ಗಿರಾಕಿಗಳ ಎದುರಿನಲ್ಲಿಯೇ, "ಇಷ್ಟು ಬಿಟ್ಟರೆ ಅಂಗಡಿ ಮುಚ್ಚಬೇಕಾಗುತ್ತೆ, ಐದು ಮಾಡು" ಎಂದರು. ಕುಟುಂಬದ ಹಿರಿಯರು ಏನೂ ಮಾತನಾಡದೆ ಎದ್ದು ಹೊರಟುಹೋದರು. ಬಿಡಿಸಿದ ಸೀರೆಗಳನ್ನು ಮಗ ಮಡಿಸತೊಡಗಿದ. ತಂದೆ ಮಕ್ಕಳು ಆ ಸಂಜೆ ಒಬ್ಬರೊಡನೊಬ್ಬರು ಮಾತನಾಡಲಿಲ್ಲ.

ಅಂಗಡಿ ಮುಚ್ಚುವ ವೇಳೆಗೆ ನಾನು ಹಿರಿಯರನ್ನು ಕೇಳಿದೆ: "ಯಜಮಾನರೇ, ಇನ್ನು ಮೇಲೆ ಐದು ಗಂಟೆಗೆಲ್ಲ ಮನೆಗೆ ಹೊರಟುಬಿಡಬಾರದೇ?" ಅವರು ಕನ್ನಡಕ ತೆಗೆದು ಒರೆಸುತ್ತ, "ಐದು ಗಂಟೆಗೆ ಮನೆಗೆ ಹೋಗಿ ಏನು ಮಾಡಲಿ, ಆಡಿಟರೇ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಿಂದ ದಿನಕ್ಕೆ ಹನ್ನೆರಡು ಗಂಟೆ ಅಂಗಡಿಯಲ್ಲಿ ಕಳೆದ ಮನುಷ್ಯನಿಗೆ ಮನೆಯೆಂದರೆ ಊಟ ಮಾಡಿ ಮಲಗುವ ಸ್ಥಳ. ಮೂರು ವರ್ಷಗಳ ಮಾರಾಟ ನಿಂತಿದ್ದಕ್ಕೆ ಕಾರಣ ಆ ಒಂದು ವಾಕ್ಯದಲ್ಲಿತ್ತು.

ಎರಡನೆಯ ಪ್ರಕರಣವನ್ನು ಹೇಳಲು ನನಗೆ ಸಂಕೋಚವಿದೆ. ಮಂಡಿ ವರ್ತಕರೊಬ್ಬರು ಎಪ್ಪತ್ತೆಂಟನೆಯ ವಯಸ್ಸಿನವರೆಗೂ ದಿನವೂ ಮಂಡಿಗೆ ಬಂದು, ಒಂದು ಬೆಳಿಗ್ಗೆ ಅಲ್ಲಿಯೇ ಕುಸಿದು ಕಾಲವಾದರು. ಯಾವ ಊರಿನ ಯಾರಿಗೆ ಎಷ್ಟು ಉದ್ರಿ, ಯಾರು ಸುಗ್ಗಿಗೆ ಕೊಡುತ್ತಾರೆ, ಯಾರು ಬಡ್ಡಿ ಬಿಟ್ಟರೆ ಅಸಲು ಕೊಡುತ್ತಾರೆ ಎಂಬುದರ ಬಹುಪಾಲು ಅವರ ತಲೆಯಲ್ಲಿತ್ತು, ಪುಸ್ತಕದಲ್ಲಿರಲಿಲ್ಲ. ಮಕ್ಕಳಿಗೆ ವಸೂಲಾದುದು ಒಂದಂಶ ಮಾತ್ರ. ಅವರ ಲೆಕ್ಕಪರಿಶೋಧಕನಾಗಿದ್ದ ನಾನು ವರ್ಷಕ್ಕೊಮ್ಮೆ ಸಹಿ ಹಾಕುತ್ತಿದ್ದೆನೇ ಹೊರತು, ವಾರಕ್ಕೆರಡು ದಿನ ಮಂಡಿಯನ್ನು ಮಕ್ಕಳಿಗೆ ಬಿಟ್ಟು ನೋಡಿ ಎಂದು ಒಮ್ಮೆಯೂ ಹೇಳಲಿಲ್ಲ. ಯಜಮಾನನು ವಾರಕ್ಕೆರಡು ದಿನ ಗೈರುಹಾಜರಾಗಿದ್ದರೆ ಆ ಎರಡು ದಿನಗಳಲ್ಲಿ ಮಕ್ಕಳು ಕೇಳಲೇಬೇಕಾಗಿದ್ದ ಪ್ರಶ್ನೆಗಳಿಂದ ಅರ್ಧ ಉದ್ರಿ ಪುಸ್ತಕಕ್ಕೆ ಏರಿರುತ್ತಿತ್ತು.

ಗಲ್ಲಾ ಕೊಡುತ್ತಿದ್ದುದೇನು?

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಹೇಳಿ ಹಿರಿಯರನ್ನು ಹಗುರವಾಗಿ ಕಾಣುವುದು ಸುಲಭ. ಆದರೆ ಗಲ್ಲಾ ಬಿಡದ ಹಿರಿಯರಲ್ಲಿ ಬಹುಮಂದಿ ಹಣದಾಸೆಯಿಂದ ಅಲ್ಲಿ ಕುಳಿತಿರುವುದಿಲ್ಲ. ಗಲ್ಲಾ ಅವರಿಗೆ ಮೂರು ವಸ್ತುಗಳನ್ನು ಕೊಡುತ್ತದೆ. ಮೊದಲನೆಯದು ಮಾತು: ದಿನಕ್ಕೆ ಐವತ್ತು ಜನ ಬಂದು ನಮಸ್ಕಾರ ಹೇಳಿ ಊರಿನ ಸುದ್ದಿ ಕೊಡುತ್ತಾರೆ. ಎರಡನೆಯದು ಪೈಪೋಟಿ: ಪ್ರತಿಯೊಂದು ವ್ಯವಹಾರದಲ್ಲಿಯೂ ಸಣ್ಣದೊಂದು ಸೋಲು ಗೆಲುವು ಇರುತ್ತದೆ, ಅದು ಬುದ್ಧಿಯನ್ನು ಚುರುಕಾಗಿಡುತ್ತದೆ. ಮೂರನೆಯದು ಹೊಣೆ: ತಾನು ಬಾರದಿದ್ದರೆ ಯಾವುದೋ ಒಂದು ಕೆಲಸ ನಿಲ್ಲುತ್ತದೆ ಎಂಬ ಅರಿವು.

ಹಿರಿಯರಿಗೆ ಮನರಂಜನೆ ಒದಗಿಸುತ್ತೇವೆಂದು ಮನೆಯವರು ದೊಡ್ಡ ಪರದೆಯ ದೂರದರ್ಶನವನ್ನೋ ಹೊಸ ಮೊಬೈಲನ್ನೋ ತಂದುಕೊಡುತ್ತಾರೆ. ಈ ಮೂರರಲ್ಲಿ ಒಂದನ್ನೂ ಅವು ಕೊಡಲಾರವು. ಆದುದರಿಂದಲೇ ವಾರದೊಳಗೆ ಯಜಮಾನರು ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಹಾಜರಾಗುತ್ತಾರೆ. ಯಾವುದೇ ವಿರಾಮದ ಚಟುವಟಿಕೆಯನ್ನು ಆರಿಸುವ ಮುನ್ನ, ಇದರಲ್ಲಿ ಮಾತಿದೆಯೇ, ಪೈಪೋಟಿ ಇದೆಯೇ, ಹೊಣೆಯಿದೆಯೇ ಎಂದು ಪರೀಕ್ಷಿಸುವುದು ಒಳಿತು.

ಅಂಕಿ ಅಂಶಗಳು ಮತ್ತು ವೈದ್ಯರ ಮಾತು

2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ, ಒಟ್ಟು ಜನಸಂಖ್ಯೆಯ ಶೇ. 8.6. 2036ರ ಹೊತ್ತಿಗೆ ಈ ಪ್ರಮಾಣ ಶೇ. 15ರ ಸಮೀಪಕ್ಕೆ ಬರುವುದೆಂದು ಅಧಿಕೃತ ಮುನ್ನಂದಾಜು ಹೇಳುತ್ತದೆ.

65 ವರ್ಷ ಮೀರಿದವರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಮೂರು ದಿನ ದೇಹದ ಸಮತೋಲ ಮತ್ತು ಬಲವನ್ನು ಹೆಚ್ಚಿಸುವ ಅಭ್ಯಾಸಗಳೂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ಮೊದಲ ಭಾಗ ಪೂರೈಸುತ್ತದೆ. ಎರಡನೆಯ ಭಾಗವನ್ನು ನಮ್ಮಲ್ಲಿ ಬಹುಮಂದಿ ಮರೆಯುತ್ತಾರೆ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿಯುವುದು ಸಾಮಾನ್ಯವಾಗಿ ಬಿದ್ದುದರಿಂದ. ಬೀಳದಂತೆ ಕಾಯುವುದು ಕಾಲಿನ ಬಲ ಮತ್ತು ಸಮತೋಲ. ಅಂಗಡಿಯ ಮೆತ್ತೆಯ ಮೇಲೆ ಐವತ್ತು ವರ್ಷ ಕುಳಿತವರಿಗೆ ಇದು ಹೆಚ್ಚು ಅನ್ವಯಿಸುತ್ತದೆ.

ಮರೆವಿನ ಕಾಯಿಲೆಯ ಬಗ್ಗೆಯೂ ಒಂದು ಮಾತು. ನ್ಯೂಯಾರ್ಕಿನಲ್ಲಿ 75 ವರ್ಷ ಮೀರಿದ 469 ಜನರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓದುವುದು, ಮಣೆಯಾಟ ಆಡುವುದು, ವಾದ್ಯ ನುಡಿಸುವುದು ಮತ್ತು ನೃತ್ಯ ಮಾಡುವುದು ಇವುಗಳಲ್ಲಿ ತೊಡಗಿದವರಿಗೆ ಆ ಕಾಯಿಲೆ ಕಡಿಮೆ ಪ್ರಮಾಣದಲ್ಲಿ ಬಂದಿತ್ತು. ಆಟವಾಡಿದ್ದರಿಂದ ಕಾಯಿಲೆ ಬರಲಿಲ್ಲವೋ, ಕಾಯಿಲೆಯ ಲಕ್ಷಣವಿಲ್ಲದವರು ಆಟವಾಡುತ್ತಿದ್ದರೋ ಎಂಬುದನ್ನು ಅಂತಹ ಅಧ್ಯಯನ ಪೂರ್ತಿ ಇತ್ಯರ್ಥ ಮಾಡಲಾರದು. ಆದರೂ 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು ಹೆಸರಿಸಿದ, ನಾವು ತಿದ್ದಿಕೊಳ್ಳಬಹುದಾದ 14 ಅಪಾಯಗಳಲ್ಲಿ ದೈಹಿಕ ನಿಷ್ಕ್ರಿಯತೆ, ಒಂಟಿತನದ ಬದುಕು ಮತ್ತು ಕಿವುಡುತನ ಸೇರಿವೆ. ಕಿವಿ ಕೇಳಿಸದವರು ಕ್ರಮೇಣ ನಾಲ್ಕು ಜನರ ನಡುವೆ ಕೂರುವುದನ್ನು ಬಿಡುತ್ತಾರೆ. ಆದುದರಿಂದ ಶ್ರವಣಯಂತ್ರಕ್ಕೆ ಮಾಡಿದ ಖರ್ಚನ್ನು ವಿರಾಮದ ಬಾಬ್ತಿನಲ್ಲಿಯೇ ಬರೆಯಬಹುದು.

ನಮ್ಮ ಮಣೆಯಾಟಗಳು

ವಿರಾಮದ ಸಾಧನಗಳಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮೈಸೂರು ಮಣೆಯಾಟಗಳ ತವರು. ಮೇಲೆ ಹೆಸರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಆಗ ಅವರಿಗೆ ವಯಸ್ಸು ನಲವತ್ತೂ ತುಂಬಿರಲಿಲ್ಲ. ಆ ಬಳಿಕ 1868ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತೇಳು ವರ್ಷಗಳ ಕಾಲ ಅವರು ಅಧಿಕಾರವಿಲ್ಲದ ಅರಸರಾಗಿದ್ದರು. ಅವರು ಸಾಹಿತ್ಯ, ಸಂಗೀತ ಮತ್ತು ಆಟಗಳ ಕಡೆಗೆ ಮನಸ್ಸನ್ನು ತೊಡಗಿಸಿದರು. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಭಾಗ ಆಟಗಳಿಗೆ ಮೀಸಲಾಗಿದೆ. ಚದುರಂಗದಲ್ಲಿ ಅವರಿಗಿದ್ದ ಪರಿಣತಿ ಪ್ರಸಿದ್ಧ. ಕೈಯಲ್ಲಿದ್ದ ಅಧಿಕಾರ ಹೋದ ಮೇಲೆಯೂ ಮನುಷ್ಯ ಕೆಲಸಕ್ಕೆ ಬಾರದವನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಊರಿನಲ್ಲಿ ಬೇರೊಂದಿಲ್ಲ.

ಚೌಕಾಬಾರಕ್ಕೆ ಬೇಕಾಗುವುದು ಸೀಮೆಸುಣ್ಣದಿಂದ ಬರೆದ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆಗಳು ಮತ್ತು ಕಾಯಿಗಳು. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಬೀಳುವುದು ಅದೃಷ್ಟ. ಬಿದ್ದ ಎಣಿಕೆಯಲ್ಲಿ ಯಾವ ಕಾಯನ್ನು ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದು ವಿವೇಚನೆ. ಮಳೆ ಬಂದ ವರ್ಷ, ಬಾರದ ವರ್ಷ ಎರಡನ್ನೂ ನೋಡಿದ ವರ್ತಕನಿಗೆ ಈ ಆಟದ ಮರ್ಮವನ್ನು ಯಾರೂ ಕಲಿಸಬೇಕಾಗಿಲ್ಲ. ಪಗಡೆಯಲ್ಲಿ ಇಬ್ಬರಿಬ್ಬರ ಜೊತೆಗಾರಿಕೆ ಉಂಟು. ಅಳಗುಳಿ ಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಿಸೆಬೀಜ ಹಂಚುವುದು ಶುದ್ಧ ಲೆಕ್ಕಾಚಾರ. ಆಡು ಹುಲಿ ಆಟದಲ್ಲಿ ಎಣಿಕೆ ಹೆಚ್ಚಾದ ಆಡುಗಳು ಜಾಣತನದಿಂದ ಹುಲಿಗಳನ್ನು ಕಟ್ಟಿಹಾಕುತ್ತವೆ. ಈ ಆಟಗಳಿಗೆ ಮೊಮ್ಮಕ್ಕಳೂ ಜೊತೆಗಾರರಾಗುತ್ತಾರೆ ಎಂಬುದು ಮತ್ತೊಂದು ಲಾಭ.

ಇಸ್ಪೀಟಿನ ವಿಷಯದಲ್ಲಿ ಎಚ್ಚರದ ಮಾತೊಂದನ್ನು ಹೇಳಬೇಕು. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ಹೇಳಿದೆ. ಆದರೆ ಪಣದ ಆಟದಿಂದ ಕ್ಲಬ್ಬು ಅಥವಾ ಮನೆಯ ಮಾಲೀಕರು ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದೆಂಬ ಮಾತೂ ಅದೇ ತೀರ್ಪಿನಲ್ಲಿದೆ. ಹಿರಿಯರ ಸಂಘದಲ್ಲಿ ಪಣವಿಲ್ಲದ ಆಟವೇ ಕ್ಷೇಮ. ಮೊಬೈಲಿನಲ್ಲಿ ಹಣ ಕಟ್ಟಿ ಆಡಿಸುವ ಆಟಗಳನ್ನಂತೂ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ನಿಷೇಧಿಸಿದೆ. ಅಂತಹ ಆಟಕ್ಕೆ ಈಗಲೂ ಯಾರಾದರೂ ಆಹ್ವಾನಿಸಿದರೆ ಅದು ಮೋಸವೆಂದೇ ತಿಳಿಯತಕ್ಕದ್ದು.

ನಡಿಗೆ, ಸಂಗೀತ, ಓದು, ಪ್ರವಾಸ

ನಡಿಗೆಯನ್ನು ಒಬ್ಬರೇ ಮಾಡಿದರೆ ವ್ಯಾಯಾಮ, ನಾಲ್ವರೊಡನೆ ಮಾಡಿದರೆ ಮನರಂಜನೆ. ಮುಂಬೈಯ ಉದ್ಯಾನವೊಂದರಲ್ಲಿ 1995ರಲ್ಲಿ ಡಾ. ಮದನ್ ಕಟಾರಿಯಾ ಅವರು ಐವರೊಡನೆ ಆರಂಭಿಸಿದ ನಗೆಕೂಟವು ಇಂದು ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ. ನಮ್ಮ ಬಡಾವಣೆಯ ಉದ್ಯಾನಗಳಲ್ಲಿಯೂ ಬೆಳಗಿನ ಹೊತ್ತು ಆ ನಗು ಕೇಳಿಬರುತ್ತದೆ. ಎಲ್ಲರಿಗೂ ಅದು ಒಗ್ಗದಿರಬಹುದು. ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವ ಹುಮ್ಮಸ್ಸಿರುವವರು ಮೊದಲು ಮಂಡಿಯ ಕೀಲುಗಳ ಬಗ್ಗೆ ವೈದ್ಯರನ್ನು ಕೇಳುವುದು ಲೇಸು.

ಸಂಗೀತಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ವಾಣಿವಿಲಾಸ ಮೊಹಲ್ಲಾದ ಎಂಟನೆಯ ಅಡ್ಡರಸ್ತೆಯ ಗಣೇಶೋತ್ಸವದ ಕಛೇರಿಗಳಿಗೆ ಊರಿಗೆ ಊರೇ ಸೇರುತ್ತದೆ. ಕೇಳುವುದಕ್ಕಿಂತ ಕಲಿಯುವುದು ಒಂದು ಮೆಟ್ಟಿಲು ಮೇಲು. ಅರವತ್ತರಲ್ಲಿ ಗಮಕ ವಾಚನದ ತರಗತಿಗೆ ಸೇರಿದವರು ವಿದ್ವಾಂಸರಾಗದಿರಬಹುದು. ಆದರೆ ವಾರಕ್ಕೊಂದು ಪಾಠ ಒಪ್ಪಿಸಬೇಕಾದ ಹೊಣೆ ಅವರನ್ನು ಹುರುಪಿನಲ್ಲಿಡುತ್ತದೆ. ಭಜನಾ ಮಂಡಳಿಯಲ್ಲಿ ತಾಳ ಹಿಡಿಯುವವರಿಗೂ ಈ ಮಾತು ಸಲ್ಲುತ್ತದೆ.

ಓದಿನ ಬಗ್ಗೆ ಲೆಕ್ಕಿಗನ ಮಾತೊಂದನ್ನು ಹೇಳಿಬಿಡುತ್ತೇನೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವನ್ನು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಸಲ್ಲಿಸುತ್ತ ಬಂದಿದ್ದೇವೆ. ಮಾಲಿಗೆ ಮುಂಗಡ ಕೊಟ್ಟು ಮಾಲನ್ನು ಎತ್ತದೆ ಬಿಡುವ ವರ್ತಕನನ್ನು ನಾನು ಕಂಡಿಲ್ಲ. ಆದರೆ ಈ ಮುಂಗಡವನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಜೀವಮಾನವಿಡೀ ಬಿಟ್ಟಿದ್ದಾರೆ.

ಪ್ರವಾಸದ ಲೆಕ್ಕಾಚಾರ ಬದಲಾಗಿದೆ. ಹಿರಿಯ ನಾಗರಿಕರಿಗೆ ರೈಲು ಪ್ರಯಾಣದಲ್ಲಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆಯಲಾಯಿತು. ಇತ್ತ ರಾಜ್ಯದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಅದರ ಫಲವೊಂದನ್ನು ನಮ್ಮ ಪೇಟೆಯಲ್ಲಿಯೇ ನೋಡುತ್ತಿದ್ದೇನೆ. ವರ್ತಕರ ಶ್ರೀಮತಿಯರು ನೆರೆಹೊರೆಯವರ ಜೊತೆ ಧರ್ಮಸ್ಥಳ, ಹೊರನಾಡು, ಶೃಂಗೇರಿಗಳನ್ನು ನೋಡಿ ಬರುತ್ತಿದ್ದಾರೆ. ಯಜಮಾನರು ಗಲ್ಲಾದಲ್ಲಿ ಕುಳಿತು ಅವರು ತರುವ ಪ್ರಸಾದಕ್ಕೆ ಕಾಯುತ್ತಿದ್ದಾರೆ. ಮಾತಿನ ಬಳಗವನ್ನು ಕಟ್ಟಿಕೊಳ್ಳುವ ಕಲೆಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳು ನಮಗಿಂತ ಬಹಳ ಮುಂದಿದ್ದಾರೆ. ಆದರೆ ಒಂದನ್ನು ಗಮನಿಸಬೇಕು. ಮೊಮ್ಮಕ್ಕಳ ಪಾಲನೆ, ಅಡುಗೆಮನೆಯ ಮೇಲ್ವಿಚಾರಣೆಗಳಿಂದ ಅವರಿಗೂ ನಿವೃತ್ತಿ ಇರುವುದಿಲ್ಲ. ಯಜಮಾನರು ಸಂಜೆ ಬೇಗ ಮನೆಗೆ ಬಂದು ಮತ್ತೊಂದು ಕಾಫಿ, ಮತ್ತೊಂದು ತಿಂಡಿಯ ಬೇಡಿಕೆ ಇಡುವುದಾದರೆ ಅವರ ವಿರಾಮವು ಇವರ ದುಡಿಮೆಯಾಗುತ್ತದೆ.

ವಿರಾಮಕ್ಕೆ ಸ್ವಂತ ಹಣ

ನನ್ನ ವೃತ್ತಿಯ ವ್ಯಾಪ್ತಿಗೆ ಬರುವ ವಿಷಯ ಇದು. ವ್ಯವಹಾರವನ್ನು ಮಕ್ಕಳಿಗೆ ಪೂರ್ತಿ ಬಿಟ್ಟುಕೊಟ್ಟ ಹಿರಿಯರೊಬ್ಬರು ಸಂಘದ ಪ್ರವಾಸಕ್ಕೆ ಎರಡು ಸಾವಿರ ರೂಪಾಯಿ ಬೇಕಾಗಿ, ಮಗನನ್ನು ಕೇಳಲು ಸಂಕೋಚಪಟ್ಟು, ಆರೋಗ್ಯ ಸರಿಯಿಲ್ಲವೆಂದು ಹೇಳಿ ಮನೆಯಲ್ಲಿಯೇ ಉಳಿದುದನ್ನು ನಾನು ಬಲ್ಲೆ. ಮಗ ಕೆಟ್ಟವನಲ್ಲ, ಕೇಳಿದ್ದರೆ ನಾಲ್ಕು ಸಾವಿರ ಕೊಡುತ್ತಿದ್ದ. ಆದರೆ ಐವತ್ತು ವರ್ಷ ಸಂಬಳ ಬಟವಾಡೆ ಮಾಡಿದ ಕೈ ಚಾಚುವುದು ಕಷ್ಟ. ಗಲ್ಲಾದ ಬೀಗದಕೈಯನ್ನು ಹಿರಿಯರು ಬಿಗಿಯಾಗಿ ಹಿಡಿದಿರುವುದರ ಹಿಂದೆ ಅನೇಕ ವೇಳೆ ಇದೇ ಅಂಜಿಕೆ ಇರುತ್ತದೆ.

ಪರಿಹಾರಗಳು ಸುಲಭವಾಗಿವೆ. ಪಾಲುದಾರಿಕೆ ಸಂಸ್ಥೆಯಲ್ಲಿ ಹಿರಿಯರು ದೈನಂದಿನ ಕೆಲಸ ಬಿಟ್ಟರೂ ಪಾಲುದಾರರಾಗಿ ಮುಂದುವರಿಯಬಹುದು. ಪಾಲುಪತ್ರದಲ್ಲಿ ನಮೂದಿಸಿದ್ದರೆ ಅವರ ಬಂಡವಾಳದ ಮೇಲೆ ವಾರ್ಷಿಕ ಶೇ. 12ರವರೆಗಿನ ಸರಳ ಬಡ್ಡಿಯನ್ನು ಸಂಸ್ಥೆಯ ಖರ್ಚಾಗಿ ತೋರಿಸಲು ಆದಾಯ ತೆರಿಗೆ ಕಾನೂನು ಅವಕಾಶ ಕೊಡುತ್ತದೆ. ದುಡಿಯದ ಪಾಲುದಾರರಿಗೆ ಕೊಡುವ ಸಂಬಳಕ್ಕೆ ಈ ಸೌಲಭ್ಯವಿಲ್ಲ. ಪಾಲುದಾರಿಕೆಯಿಂದ ಪೂರ್ತಿ ನಿವೃತ್ತರಾಗುವವರು ಸಾರ್ವಜನಿಕ ಪ್ರಕಟಣೆ ಕೊಡುವುದನ್ನು ಮರೆಯಬಾರದು. ಕೊಡದಿದ್ದರೆ ಸಂಸ್ಥೆಯ ಮುಂದಿನ ಸಾಲಗಳಿಗೂ ಹೊಣೆಗಾರರಾಗಿ ಉಳಿಯುವ ಸಂಭವವಿದೆ. ಹಾಗೆಯೇ, ಪಾಲುದಾರನ ಮರಣಾನಂತರವೂ ಸಂಸ್ಥೆ ಮುಂದುವರಿಯುವುದೆಂಬ ಷರತ್ತು ಪಾಲುಪತ್ರದಲ್ಲಿರಬೇಕು. ಇಲ್ಲವಾದರೆ 1932ರ ಕಾಯ್ದೆಯಂತೆ ಸಂಸ್ಥೆ ವಿಸರ್ಜನೆಯಾಗುತ್ತದೆ.

60 ವರ್ಷ ತುಂಬಿದವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ರೂಪಾಯಿವರೆಗೆ ತೊಡಗಿಸಬಹುದು. ಈ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ ಏರಿಸಲಾಯಿತು. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. ಆ ಖಾತೆಯ ಬಡ್ಡಿಯಲ್ಲಿ ಒಂದಂಶವನ್ನು ಔಷಧಕ್ಕೂ ಮನೆಖರ್ಚಿಗೂ ಮುಟ್ಟದೆ, ತಮ್ಮ ಸಂತೋಷಕ್ಕೆಂದೇ ಮೀಸಲಿಡುವುದು ಒಳ್ಳೆಯ ಪದ್ಧತಿ. ಆಸ್ತಿಯನ್ನು ದಾನಪತ್ರದ ಮೂಲಕ ಮಕ್ಕಳಿಗೆ ಕೊಡುವವರು ತಮ್ಮ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆಸಿರಲಿ. ಆ ಷರತ್ತು ಮುರಿದಾಗ ದಾನಪತ್ರವನ್ನು ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯು ನ್ಯಾಯಮಂಡಳಿಗೆ ಕೊಟ್ಟಿದೆ.

ಸಂಘ ಕಟ್ಟುವವರಿಗೆ

ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘವೊಂದನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಮತ್ತು ನೋಂದಣಾಧಿಕಾರಿಗಳಿಗೆ ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳ ಸಲ್ಲಿಕೆ ಕಡ್ಡಾಯ. ಬಹಳಷ್ಟು ಹಿರಿಯರ ಸಂಘಗಳು ಮೊದಲೆರಡು ವರ್ಷ ಉತ್ಸಾಹದಿಂದ ನಡೆದು, ಆಮೇಲೆ ಈ ಸಲ್ಲಿಕೆಗಳನ್ನು ಮರೆತು, ದಂಡ ತೆರುವ ಸ್ಥಿತಿಗೆ ಬರುತ್ತವೆ.

ಸದಸ್ಯರು ತಮಗಾಗಿ ಕೂಡಿಹಾಕಿ ತಮಗಾಗಿ ವೆಚ್ಚ ಮಾಡುವ ಹಣ ಸಾಮಾನ್ಯವಾಗಿ ಆದಾಯ ತೆರಿಗೆಗೆ ಒಳಪಡುವುದಿಲ್ಲ. ತನ್ನಿಂದ ತಾನೇ ಯಾರೂ ಲಾಭ ಗಳಿಸಲಾರರು ಎಂಬುದು ಇದರ ಹಿಂದಿನ ತತ್ತ್ವ. ಆದರೆ ಸಂಘದ ಉಳಿಕೆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಪಡೆದ ಬಡ್ಡಿಗೆ ಈ ತತ್ತ್ವ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರ ಜನವರಿಯಲ್ಲಿ ತೀರ್ಪು ನೀಡಿದೆ. ಆದುದರಿಂದ ಠೇವಣಿ ಇರುವ ಸಂಘಗಳು ತೆರಿಗೆ ವಿವರಪಟ್ಟಿಯ ವಿಷಯದಲ್ಲಿ ಸಲಹೆ ಪಡೆಯಬೇಕು. ಸೇವೆಗಳ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದ ಸಣ್ಣ ಸಂಘಗಳಿಗೆ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ.

ಈ ಕೆಲಸಗಳೆಲ್ಲ ತಲೆನೋವೆಂದು ಭಾವಿಸಬೇಕಾಗಿಲ್ಲ. ರಸೀದಿ ಪುಸ್ತಕ, ರೋಕಡ, ಬಾಕಿ ವಸೂಲಿ, ಕಡಿಮೆ ದರಕ್ಕೆ ಕುರ್ಚಿ ಖರೀದಿ ಇವುಗಳಲ್ಲಿ ವರ್ತಕನಿಗಿಂತ ನಿಪುಣರು ಯಾರಿದ್ದಾರೆ? ಇದೂ ಅವನಿಗೊಂದು ಮನರಂಜನೆಯೇ ಎಂಬುದನ್ನು ನಾನು ಕಲಿತದ್ದು ಮೊದಲು ಹೇಳಿದ ಜವಳಿ ವರ್ತಕರಿಂದ.

ಯಜಮಾನರ ಸಂಜೆ

ಆ ಹಿರಿಯರನ್ನು ಅಂಗಡಿಯಿಂದ ಹೊರಗೆ ಕರೆತರುವ ಮೊದಲ ಪ್ರಯತ್ನಗಳು ವಿಫಲವಾದವು. ಬೆಳಗಿನ ನಡಿಗೆಗೆ ಒಪ್ಪಿದರು. ಆದರೆ ಪ್ರತಿದಿನವೂ ಅವರ ನಡಿಗೆ ಸುತ್ತಿ ಬಳಸಿ ಅಂಗಡಿಯ ಬಾಗಿಲಿನಲ್ಲಿಯೇ ಮುಗಿಯುತ್ತಿತ್ತು. ನಗೆಕೂಟಕ್ಕೆ ನಾಲ್ಕು ದಿನ ಹೋಗಿ, "ಕಾರಣವಿಲ್ಲದೆ ನಗೋದು ನನ್ನ ಕೈಲಾಗೋಲ್ಲ" ಎಂದು ಬಿಟ್ಟರು. ಅಷ್ಟರಲ್ಲಿ ಅವರ ಬಡಾವಣೆಯ ಹಿರಿಯರ ಸಂಘದ ಖಜಾಂಚಿ ಮಗನ ಊರಿಗೆ ಹೊರಟುಹೋದರು. ಆ ಸಂಘದ ಲೆಕ್ಕ ಮೂರು ವರ್ಷಗಳಿಂದ ಅಸ್ತವ್ಯಸ್ತವಾಗಿತ್ತು. ಪುಸ್ತಕಗಳನ್ನು ಒಮ್ಮೆ ನೋಡಿಕೊಡಿ ಎಂದು ಕೇಳಿಕೊಂಡಾಗ ಯಜಮಾನರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಒಂದು ತಿಂಗಳು ಸಂಜೆ ಐದರಿಂದ ಏಳರವರೆಗೆ ಸಂಘದ ಕೋಣೆಯಲ್ಲಿ ಕುಳಿತು ಹಳೆಯ ರಸೀದಿಗಳನ್ನು ಜೋಡಿಸಿ, ಯಾರ ಚಂದಾ ಬಾಕಿ ಎಂಬುದನ್ನು ಪತ್ತೆ ಹಚ್ಚಿ, ವಸೂಲು ಮಾಡಿದರು. ಬಾಕಿ ಕೊಡಲು ಬಂದವರು ಹಾಗೆಯೇ ಕುಳಿತು ಚೌಕಾಬಾರದ ಮಣೆ ಹಾಕಿದರು. ಲೆಕ್ಕ ಮುಗಿದ ಮೇಲೆಯೂ ಯಜಮಾನರು ಹೋಗುವುದನ್ನು ನಿಲ್ಲಿಸಲಿಲ್ಲ. ಮಾತು, ಪೈಪೋಟಿ, ಹೊಣೆ ಮೂರೂ ಅಲ್ಲಿ ಸಿಕ್ಕಿದ್ದವು.

ಆ ವರ್ಷದ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅವರು ಗಲ್ಲಾದ ಬೀಗದಕೈಯನ್ನು ಹಿರಿಯ ಮಗನ ಕೈಗೆ ಕೊಟ್ಟರು. ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಇಂದಿಗೂ ರಾತ್ರಿ ಎಂಟೂವರೆಗೆ ಫೋನು ಮಾಡಿ ಅಂದಿನ ಮಾರಾಟ ಎಷ್ಟೆಂದು ಕೇಳುತ್ತಾರೆ. ಕಡಿಮೆಯಾಗಿದ್ದರೆ ಒಂದು ಮಾತು ಆಡುತ್ತಾರೆ. ವರಮಹಾಲಕ್ಷ್ಮಿಗೆ ಮುನ್ನ ಸೀರೆ ಖರೀದಿಗೆ ಮಕ್ಕಳು ಅವರನ್ನು ಕರೆದೊಯ್ಯುತ್ತಾರೆ, ಏಕೆಂದರೆ ರೇಷ್ಮೆಯನ್ನು ಮುಟ್ಟಿ ಗುಣ ಹೇಳುವ ಬೆರಳು ಅಂಗಡಿಯಲ್ಲಿ ಬೇರೆ ಯಾರಿಗೂ ಇಲ್ಲ. ವಿಸರ್ಜನೆಯ ಕರಾರುಪತ್ರದ ಕರಡು ನನ್ನ ಕಡತದಲ್ಲಿ ಸಹಿಯಿಲ್ಲದೆ ಉಳಿದಿದೆ.

ನಮ್ಮ ವಾಣಿಜ್ಯ ಸಂಸ್ಥೆಗೆ ಈ ಸಂದರ್ಭದಲ್ಲಿ ಒಂದು ಸಲಹೆ. ಸಂಸ್ಥೆಯ ಸಭಾಂಗಣ ವಾರದ ಬಹುತೇಕ ಸಂಜೆ ಖಾಲಿಯಿರುತ್ತದೆ. ವಾರಕ್ಕೆರಡು ಸಂಜೆ, ಐದರಿಂದ ಏಳರವರೆಗೆ, 60 ವರ್ಷ ಮೀರಿದ ಸದಸ್ಯರಿಗಾಗಿ ಅದನ್ನು ತೆರೆದಿಡಬಹುದು. ನಾಲ್ಕು ಚದುರಂಗದ ಮಣೆ, ನಾಲ್ಕು ಚೌಕಾಬಾರದ ಹಾಸು, ಪತ್ರಿಕೆಗಳು, ಕಾಫಿ: ವೆಚ್ಚ ಹೆಚ್ಚೇನೂ ಆಗದು. ತಿಂಗಳಿಗೊಮ್ಮೆ ಹೊಸ ಉದ್ಯಮಿಗಳು ಅಲ್ಲಿಗೆ ಬಂದು ಹಿರಿಯರ ಅನುಭವ ಕೇಳಲಿ. ವ್ಯವಹಾರ ನಡೆಸಿದವರ ಬುದ್ಧಿವಂತಿಕೆಗೆ ಸವಕಳಿ ಇಲ್ಲ; ಬಳಸದಿದ್ದರೆ ಮಾತ್ರ ಅದು ನಷ್ಟ.

ನನ್ನ ವೃತ್ತಿಗೂ ನಿವೃತ್ತಿಯ ದಿನಾಂಕವಿಲ್ಲ. ಅರವತ್ತಕ್ಕೆ ಇನ್ನು ಕೆಲವೇ ವರ್ಷ ಬಾಕಿ. ಆ ಹಿರಿಯರ ಪ್ರಶ್ನೆಯನ್ನು ಈಚೆಗೆ ನನಗೆ ನಾನೇ ಹಾಕಿಕೊಳ್ಳತೊಡಗಿದ್ದೇನೆ. ಹೀಗಾಗಿ ಗುರುವಾರದ ಸಂಜೆ ಕಚೇರಿಯನ್ನು ಕಿರಿಯ ಸಹೋದ್ಯೋಗಿಗಳಿಗೆ ಬಿಟ್ಟು ಅದೇ ಸಂಘಕ್ಕೆ ಹೋಗುತ್ತಿದ್ದೇನೆ. ಈವರೆಗೆ ಯಜಮಾನರ ಎದುರು ಒಂದು ಆಟವನ್ನೂ ಗೆದ್ದಿಲ್ಲ. ಅರವತ್ತು ತುಂಬಿದ ಮೇಲೆ ಕಲಿಯಲು ಹೊರಡುವುದಕ್ಕಿಂತ ಐವತ್ತರಲ್ಲಿಯೇ ವಾರಕ್ಕೊಂದು ಸಂಜೆಯನ್ನು ಬಿಡಿಸಿಟ್ಟುಕೊಳ್ಳುವುದು ಸುಲಭವೆಂಬುದು ನನ್ನ ಅನುಭವ. ಸದಸ್ಯ ಬಾಂಧವರು ಈ ವರ್ಷದ ಅಢಾವೆ ಪತ್ರಿಕೆಗೆ ಸಹಿ ಹಾಕುವ ಮುನ್ನ ತಮ್ಮ ಸಂಜೆಗಳ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ.